ಊರಿಗೆ ಹೆಲಿಕಾಪ್ಟರ್ ಕರೆಸುವವರಿಗೆ: ಮೊದಲು ಮಾದರಿಯ ಹೆಸರು, ಆಮೇಲೆ ಮೈದಾನಕ್ಕೆ ಸುಣ್ಣ

ಮದುವೆಗೆ ಮದುಮಗನನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕು, ಗುಡಿಯ ಕಳಸಾರೋಹಣಕ್ಕೆ ಹೂಮಳೆ ಸುರಿಸಬೇಕು, ಇಲ್ಲವೇ ಬೆಂಗಳೂರಿನಿಂದ ಬರುವ ಅತಿಥಿ ಸಂಜೆಯೊಳಗೆ ಮರಳಬೇಕು. ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಜನ ಇಂಥದ್ದೊಂದು ಕಾರಣ ಹಿಡಿದು ನನ್ನ ಬಳಿ ಬರುತ್ತಾರೆ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದವನು. ಗಣ್ಯರು ಬರುತ್ತಾರೆಂದರೆ ತಾತ್ಕಾಲಿಕ ಹೆಲಿಪ್ಯಾಡ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಜನ ಕೇಳುವುದು ನಿಂತಿಲ್ಲ. ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಹೆಲಿಕಾಪ್ಟರ್, ಯಜಮಾನರೇ?"

"ಕೆಂಪು ಬಣ್ಣದ್ದು ಸರ್, ಏಜೆಂಟರು ಫೋಟೋ ಕಳಿಸಿದ್ದಾರೆ" ಎನ್ನುತ್ತಾರೆ. ಅಷ್ಟರಲ್ಲಾಗಲೇ ಮುಂಗಡ ಕೊಟ್ಟಿರುತ್ತಾರೆ, ಲಗ್ನಪತ್ರಿಕೆ ಅಚ್ಚಾಗಿರುತ್ತದೆ, ಹೊಲದ ಮೂಲೆಯಲ್ಲಿ ಸುಣ್ಣದ ವೃತ್ತವನ್ನೂ ಎಳೆದಿರುತ್ತಾರೆ.

ಇದು ಹಿಂದುಮುಂದಾದ ಕ್ರಮ. ವೃತ್ತ ಎಷ್ಟು ಅಗಲವಿರಬೇಕು, ನೆಲ ಎಷ್ಟು ಭಾರ ತಡೆಯಬೇಕು, ಎಷ್ಟು ಜನ ಕೂರಬಹುದು, ಎಂಜಿನ್ ಕೈಕೊಟ್ಟರೆ ಮುಂದೇನು ಎಂಬುದೆಲ್ಲ ನಿಂತಿರುವುದು ಮಾದರಿಯ ಮೇಲೆ. ಆದ್ದರಿಂದ ಒಂದು ರೂಪಾಯಿ ಕೊಡುವ ಮೊದಲು ಎರಡು ಸಂಗತಿಗಳನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ: ಹೆಲಿಕಾಪ್ಟರಿನ ಪೂರ್ತಿ ಮಾದರಿ ಹೆಸರು ಮತ್ತು ಅದರ ನೋಂದಣಿ ಗುರುತು. ಭಾರತದಲ್ಲಿ ನೋಂದಣಿಯಾದ ನಾಗರಿಕ ಹೆಲಿಕಾಪ್ಟರಿನ ಗುರುತು 'ವಿಟಿ' ಎಂದು ಶುರುವಾಗುತ್ತದೆ, ಅಡ್ಡಗೆರೆಯ ಮುಂದೆ ಮೂರು ಅಕ್ಷರಗಳಿರುತ್ತವೆ. ಬಾಲದ ಮೇಲೆ ಅದನ್ನು ದೊಡ್ಡದಾಗಿ ಬರೆದಿರುತ್ತಾರೆ. ಇವೆರಡನ್ನು ಕೊಡಲು ಹಿಂದೇಟು ಹಾಕುವ ಏಜೆಂಟರ ಜೊತೆ ಮಾತು ಮುಂದುವರಿಸಬೇಡಿ.

ನಮ್ಮ ಕಡೆ ಬರುವ ಮಾದರಿಗಳು

ಬಾಡಿಗೆಗೆ ಸಿಗುವ ಒಂದೇ ಎಂಜಿನ್ನಿನ ಹೆಲಿಕಾಪ್ಟರುಗಳಲ್ಲಿ ಮುಖ್ಯವಾದವು ಬೆಲ್ 407 ಮತ್ತು ಏರ್‌ಬಸ್ ಎಚ್125. ಬೆಲ್ 407ಕ್ಕೆ ಅಮೆರಿಕದ ಅನುಮೋದನೆ ಸಿಕ್ಕಿದ್ದು 1996ರಲ್ಲಿ. ಹಳೆಯ ಬೆಲ್ 206 ಲಾಂಗ್‌ರೇಂಜರ್ ವಿನ್ಯಾಸವನ್ನೇ ಬೆಳೆಸಿ, ಎರಡು ಬ್ಲೇಡಿನ ಜಾಗದಲ್ಲಿ ನಾಲ್ಕು ಬ್ಲೇಡಿನ ರೋಟರ್ (ತಲೆಯ ಮೇಲೆ ತಿರುಗುವ ಪಂಖ) ಕೂರಿಸಿ ಮಾಡಿದ ಮಾದರಿ ಅದು. ಪೈಲಟ್ ಸೇರಿ ಏಳು ಆಸನಗಳಿವೆ, ಹಾರಾಟದ ಗರಿಷ್ಠ ತೂಕ ಸುಮಾರು 2,380 ಕಿಲೋ. ಎಚ್125ರ ಗರಿಷ್ಠ ತೂಕ 2,250 ಕಿಲೋ, ಸಾಮಾನ್ಯವಾಗಿ ಪೈಲಟ್ ಜೊತೆ ಐದು ಮಂದಿ. ಇದೇ ಕುಟುಂಬದ ಒಂದು ಹೆಲಿಕಾಪ್ಟರ್ 2005ರ ಮೇ ತಿಂಗಳಲ್ಲಿ ಎವರೆಸ್ಟಿನ ತುದಿಗೇ ಇಳಿದು ಎದ್ದಿತ್ತು.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಕಾಗದ ನೋಡುವಾಗ ಗಾಬರಿಯಾಗುವುದಿಲ್ಲ. ಎಚ್125 ಎಂಬುದು ಮಾರಾಟದ ಹೆಸರು, ಪ್ರಮಾಣಪತ್ರದಲ್ಲಿ ಇರುವುದು ಎಎಸ್350 ಬಿ3. ಎಚ್130ರ ಕಾಗದದಲ್ಲಿ ಇಸಿ130 ಎಂದಿರುತ್ತದೆ. ಎಚ್145 ಎಂದು ಕರಪತ್ರದಲ್ಲಿ ಓದಿದವರು ಕಾಗದದಲ್ಲಿ ಬಿಕೆ117 ಎಂಬ ಹೆಸರು ನೋಡುತ್ತಾರೆ. ಯುರೋಕಾಪ್ಟರ್ ಕಂಪನಿ 2014ರಲ್ಲಿ ಏರ್‌ಬಸ್ ಹೆಲಿಕಾಪ್ಟರ್ಸ್ ಆಯಿತು, ಅಂಗಡಿಯ ಹೆಸರುಗಳೂ ಬದಲಾದವು, ಮಂಜೂರಾದ ವಿನ್ಯಾಸದ ಹೆಸರು ಮಾತ್ರ ಹಾಗೇ ಉಳಿಯಿತು. ಹೆಸರು ಬೇರೆಯಿದೆ ಎಂದು ಜಗಳಕ್ಕೆ ನಿಲ್ಲಬೇಡಿ. ಆದರೆ ಬೆಲ್ 407 ಎಂದು ಮಾತಾಗಿ ಕಾಗದದಲ್ಲಿ ಬೆಲ್ 206 ಎಂದಿದ್ದರೆ ಅದು ಬೇರೆಯದೇ ಯಂತ್ರ, ಅಲ್ಲಿ ಖಂಡಿತ ಕೇಳಿ.

ಎರಡು ಎಂಜಿನ್ನಿನವುಗಳಲ್ಲಿ ಚಿಕ್ಕದು ಎಡಬ್ಲ್ಯು109, ದೊಡ್ಡವು ಬೆಲ್ 412 ಮತ್ತು ಎಡಬ್ಲ್ಯು139. ಎಡಬ್ಲ್ಯು139ರ ತೂಕ 6,400 ಕಿಲೋದಿಂದ ಮೇಲಕ್ಕೆ ಹೋಗುತ್ತದೆ, ಮತ್ತು ಅದು ಚಕ್ರಗಳ ಮೇಲೆ ನಿಲ್ಲುತ್ತದೆ. ಬೆಲ್ 412, ಬೆಲ್ 407, ಎಚ್125 ಇವೆಲ್ಲ ಉದ್ದನೆಯ ಕೊಳವೆಗಳ ಮೇಲೆ, ಅಂದರೆ ಸ್ಕಿಡ್ ಮೇಲೆ ನಿಲ್ಲುತ್ತವೆ. ಈ ವ್ಯತ್ಯಾಸ ನಮ್ಮ ಎರೆಭೂಮಿಯಲ್ಲಿ ಎಷ್ಟು ಮುಖ್ಯ ಎಂಬುದನ್ನು ನೆಲದ ಮಾತು ಬಂದಾಗ ಹೇಳುತ್ತೇನೆ. ನಮ್ಮದೇ ಎಚ್‌ಎಎಲ್ ಧ್ರುವಕ್ಕೂ ನಾಗರಿಕ ಆವೃತ್ತಿ ಇದೆ. ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದದ್ದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ.

ರಾಬಿನ್ಸನ್ ಆರ್44 ಹೆಸರನ್ನು ಯಾರಾದರೂ ಹೇಳಿದರೆ ಇಷ್ಟು ನೆನಪಿರಲಿ: ಪೈಲಟ್ ಸೇರಿ ನಾಲ್ಕೇ ಆಸನ, ಪಿಸ್ಟನ್ ಎಂಜಿನ್. ಅದಕ್ಕೆ ಬೇಕಾದ ಇಂಧನವೂ ಬೇರೆ, ಉಳಿದ ಟರ್ಬೈನ್ ಹೆಲಿಕಾಪ್ಟರುಗಳು ಕುಡಿಯುವ ಎಟಿಎಫ್ (ಸೀಮೆಎಣ್ಣೆಯಂಥ ವಿಮಾನ ಇಂಧನ) ಅಲ್ಲ.

ಮಂಜೂರಾತಿಯ ಕಾಗದಗಳು

ನಮ್ಮ ದೇಶದಲ್ಲಿ ಈ ಮಂಜೂರಾತಿಯ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಎಲ್ಲರೂ ಡಿಜಿಸಿಎ ಎನ್ನುತ್ತಾರೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಮೊದಲನೆಯದು ವಿನ್ಯಾಸಕ್ಕೆ ಸಿಗುವ ಮಂಜೂರಾತಿ, ಟೈಪ್ ಸರ್ಟಿಫಿಕೇಟ್. ಇದು ಒಂದು ಹೆಲಿಕಾಪ್ಟರಿಗೆ ಸಿಗುವುದಲ್ಲ, ಇಡೀ ಮಾದರಿಗೆ ಸಿಗುವುದು. ವಿನ್ಯಾಸವಾದ ದೇಶದ ಪ್ರಾಧಿಕಾರ, ಉದಾಹರಣೆಗೆ ಅಮೆರಿಕದ ಎಫ್‌ಎಎ ಅಥವಾ ಯುರೋಪಿನ ಈಎಎಸ್‌ಎ, ಆ ವಿನ್ಯಾಸವನ್ನು ಪರೀಕ್ಷಿಸಿ ಕೊಡುತ್ತದೆ. ಭಾರತಕ್ಕೆ ಬರುವಾಗ ಡಿಜಿಸಿಎ ಅದನ್ನು ಪರಿಶೀಲಿಸಿ ಒಪ್ಪಿಕೊಳ್ಳಬೇಕು. ಧ್ರುವದಂಥ ಸ್ವದೇಶಿ ವಿನ್ಯಾಸಕ್ಕೆ ಡಿಜಿಸಿಎ ತಾನೇ ಕೊಡುತ್ತದೆ. ಈ ಪ್ರಮಾಣಪತ್ರಕ್ಕೆ ಒಂದು ದತ್ತಾಂಶ ಹಾಳೆ ಅಂಟಿಕೊಂಡಿರುತ್ತದೆ. ಯಾವ ಎಂಜಿನ್, ಗರಿಷ್ಠ ತೂಕ ಎಷ್ಟು, ರೋಟರ್ ಎಷ್ಟು ವೇಗದಲ್ಲಿ ತಿರುಗಬಹುದು, ಆಸನ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ.

ಈ ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ ಎಂಬುದರಲ್ಲಿ ಒಂದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಮೈದಾನಕ್ಕೆ ನೇರವಾಗಿ ಸಂಬಂಧಿಸಿದೆ. ಹಾರುತ್ತಿರುವಾಗ ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಕೆಳಗಿಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಪೈಲಟ್ ಆ ತಿರುಗುವಿಕೆಯಲ್ಲಿ ಕೂಡಿಟ್ಟ ಶಕ್ತಿಯನ್ನು ಖರ್ಚುಮಾಡಿ ಮೆಲ್ಲಗೆ ಇಳಿಸುತ್ತಾನೆ. ಆದರೆ ಇದಕ್ಕೆ ಒಂದೋ ಸಾಕಷ್ಟು ಎತ್ತರ ಬೇಕು, ಇಲ್ಲವೇ ಸಾಕಷ್ಟು ಮುನ್ನಡೆಯ ವೇಗ ಬೇಕು. ಎರಡೂ ಇಲ್ಲದ ಸ್ಥಿತಿಗಳು ಯಾವುವು ಎಂಬುದನ್ನು ಪ್ರತಿ ಮಾದರಿಯ ಹಾರಾಟ ಕೈಪಿಡಿಯಲ್ಲಿ ನಕ್ಷೆಯಾಗಿ ಕೊಟ್ಟಿರುತ್ತಾರೆ. ನಾಲ್ಕೂ ಕಡೆ ಕಟ್ಟಡವಿರುವ ಕಲ್ಯಾಣ ಮಂಟಪದ ಅಂಗಳದಿಂದ ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ನೆಟ್ಟಗೆ ಮೇಲೇರಬೇಕಾದರೆ ಅದು ಈ ಅಪಾಯದ ವಲಯದೊಳಗೇ ಹಾದುಹೋಗಬೇಕು. ಮಂಟಪದ ಬಾಗಿಲಿಗೇ ಇಳಿಯಲಿ ಎಂದು ಹಟ ಹಿಡಿಯುವವರಿಗೆ ನಾನು ಈ ನಕ್ಷೆಯನ್ನೇ ತೋರಿಸುತ್ತೇನೆ.

ಎರಡು ಎಂಜಿನ್ ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ವಿನ್ಯಾಸದ ನಿಯಮಗಳು ಹೆಲಿಕಾಪ್ಟರುಗಳನ್ನು ಎರಡು ಗುಂಪು ಮಾಡುತ್ತವೆ. 3,175 ಕಿಲೋದವರೆಗೆ, ಒಂಬತ್ತು ಪ್ರಯಾಣಿಕರವರೆಗೆ ಒಂದು ಗುಂಪು; ಅದಕ್ಕಿಂತ ದೊಡ್ಡವು ಇನ್ನೊಂದು. ಈ ನಿಯಮಗಳಲ್ಲಿ 'ಕೆಟಗರಿ ಎ' ಎಂಬ ದರ್ಜೆ ಇದೆ. ಏರುವಾಗಲೋ ಇಳಿಯುವಾಗಲೋ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಲ್ಲಿ ಹಾರಾಟ ಮುಂದುವರಿಸಲು ಅಥವಾ ಸುರಕ್ಷಿತವಾಗಿ ಇಳಿಯಲು ಸಾಧ್ಯ ಎಂದು ತೋರಿಸಿದ ವಿನ್ಯಾಸಕ್ಕೆ ಮಾತ್ರ ಅದು ಸಿಗುತ್ತದೆ. ಒಂದೇ ಎಂಜಿನ್ನಿನದಕ್ಕೆ ಈ ದರ್ಜೆ ಇಲ್ಲ. ಮುಖ್ಯಮಂತ್ರಿ, ರಾಜ್ಯಪಾಲರಂಥವರ ಪ್ರಯಾಣಕ್ಕೆ ಎರಡು ಎಂಜಿನ್, ಇಬ್ಬರು ಪೈಲಟ್ ಎಂಬ ರೂಢಿ ಬಂದಿರುವುದೂ ಇದಕ್ಕೇ. ಹಣ ಹೊಂದಿದರೆ ನೀವೂ ಎರಡು ಎಂಜಿನ್ನಿನದನ್ನೇ ಕೇಳಿ. ಒಂದೇ ಎಂಜಿನ್ ಎಂದರೆ ಕೆಟ್ಟದ್ದು ಎಂದಲ್ಲ, ಅದಕ್ಕೆ ಸುತ್ತಲೂ ಬಯಲು ಬೇಕು ಎಂದರ್ಥ.

ಇನ್ನು ನೀವು ನೋಡುವ ನಿರ್ದಿಷ್ಟ ಹೆಲಿಕಾಪ್ಟರಿನ ಕಾಗದಗಳು. ನೋಂದಣಿ ಪ್ರಮಾಣಪತ್ರ, ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ಜೊತೆಗೆ ಕಾಲಕಾಲಕ್ಕೆ ನವೀಕರಿಸಬೇಕಾದ ಯೋಗ್ಯತಾ ಪುನರ್‌ಪರಿಶೀಲನೆಯ ಪ್ರಮಾಣಪತ್ರ. ಕೊನೆಯದನ್ನು ಎಆರ್‌ಸಿ ಎನ್ನುತ್ತಾರೆ. ನಿಮ್ಮ ಕಾರ್ಯಕ್ರಮದ ದಿನಾಂಕ ಇದರ ಅವಧಿಯೊಳಗೆ ಬರುತ್ತದೆಯೇ ಎಂದು ನೋಡಿ, ಇವತ್ತಿನ ದಿನಾಂಕ ಬಂದರೆ ಸಾಲದು. ವಿಮೆಯ ಪಾಲಿಸಿಯನ್ನೂ ಹಾಗೇ ನೋಡಿ, ಪ್ರಯಾಣಿಕರಿಗೂ ನೆಲದ ಮೇಲಿನ ಮೂರನೆಯವರಿಗೂ ರಕ್ಷಣೆ ಇದೆಯೇ ಎಂದು ಓದಿ.

ಜನ ಮೋಸಹೋಗುವುದು ಮುಂದಿನ ಕಾಗದದಲ್ಲಿ. ಹಣ ಪಡೆದು ಪ್ರಯಾಣಿಕರನ್ನು ಕರೆದೊಯ್ಯುವ ಕಂಪನಿಗೆ ಡಿಜಿಸಿಎ ಕೊಟ್ಟ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್, ಅಂದರೆ ವೇಳಾಪಟ್ಟಿಯಿಲ್ಲದ ಬಾಡಿಗೆ ಹಾರಾಟದ ಪರವಾನಗಿ ಇರಲೇಬೇಕು. ಅದರ ಷರತ್ತುಗಳು ಡಿಜಿಸಿಎ ನಿಯಮಾವಳಿಯ ಸೆಕ್ಷನ್ 3, ಸೀರೀಸ್ ಸಿ, ಪಾರ್ಟ್ 3ರಲ್ಲಿವೆ. ಪರ್ಮಿಟ್ ಹೊಂದಿದವರ ಪಟ್ಟಿಯನ್ನು ಡಿಜಿಸಿಎ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಬ್ಬ ಉದ್ಯಮಿ ತನ್ನ ಓಡಾಟಕ್ಕೆಂದು ಖಾಸಗಿ ಬಳಕೆಯಡಿ ಇಟ್ಟುಕೊಂಡ ಹೆಲಿಕಾಪ್ಟರನ್ನು ಬಾಡಿಗೆಗೆ ಬಿಡುವಂತಿಲ್ಲ. ನನ್ನ ಪರಿಚಯದ ಅಡಿಕೆ ವರ್ತಕರೊಬ್ಬರಿಗೆ ಒಬ್ಬ ಮಧ್ಯವರ್ತಿ ಇಂಥದ್ದನ್ನೇ ಕಡಿಮೆ ದರಕ್ಕೆ ಕೊಡಿಸುತ್ತೇನೆಂದು ಬಂದಿದ್ದ. ಪರ್ಮಿಟ್ ಪ್ರತಿ ಕೇಳಿದ ಮೇಲೆ ಅವನ ಫೋನ್ ಬರುವುದೇ ನಿಂತಿತು. ಅಂಥ ಹಾರಾಟದಲ್ಲಿ ಏನಾದರೂ ಆದರೆ ವಿಮೆಯ ಕಂಪನಿ ಕೈತೊಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಪರ್ಮಿಟ್ ಇದ್ದರೂ ನಿಮಗೆ ಹೇಳಿದ ನೋಂದಣಿ ಗುರುತಿನ ಹೆಲಿಕಾಪ್ಟರ್ ಆ ಪರ್ಮಿಟ್ಟಿನಲ್ಲಿ ಸೇರಿದೆಯೇ ಎಂದು ಒಂದೊಂದೇ ಅಕ್ಷರ ಹೋಲಿಸಿ ನೋಡಿ.

ಸೇನೆಯ ಹೆಲಿಕಾಪ್ಟರ್ ಬಾಡಿಗೆಗೆ ಸಿಗುತ್ತದೆಯೇ ಎಂದೂ ಕೇಳುವವರಿದ್ದಾರೆ. ಸಿಗುವುದಿಲ್ಲ. ಅವುಗಳ ಮಂಜೂರಾತಿಯ ದಾರಿಯೇ ಬೇರೆ. 2023ರ ಏಪ್ರಿಲ್ 2ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ಮರುಬಳಕೆ ವಾಹನವನ್ನು ಇಳಿಸಿ ಪರೀಕ್ಷಿಸಿದಾಗ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದದ್ದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್. ಅದು ದೇಶದ ಕೆಲಸ.

ತೂಕದ ಲೆಕ್ಕದಲ್ಲಿ ಸುಳ್ಳು ಬೇಡ

ಕಂಪನಿಯವರು ಪ್ರಯಾಣಿಕರ ತೂಕ ಕೇಳುತ್ತಾರೆ. ಜನ ಸಂಕೋಚಪಟ್ಟು ಹತ್ತು ಕಿಲೋ ಇಳಿಸಿ ಬರೆಯುತ್ತಾರೆ. ಹೀಗೆ ಮಾಡಬೇಡಿ. ಏಕೆ ಎಂಬುದನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730 ಮೀಟರ್. 600 ಮೀಟರಿನಲ್ಲಿ ಪ್ರಮಾಣಿತ ವಾತಾವರಣದ ಉಷ್ಣತೆ 11 ಡಿಗ್ರಿ ಎಂದು ಕೈಪಿಡಿ ಹಿಡಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 38 ಡಿಗ್ರಿ ಇರುತ್ತದೆ. ಪ್ರಮಾಣಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೂ ಸುಮಾರು 36 ಮೀಟರ್ ಎತ್ತರ ಸೇರಿಸಬೇಕು. 27 ಡಿಗ್ರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಆಯಿತು. ಅಂದರೆ ಎಂಜಿನ್ನಿಗೂ ರೋಟರಿಗೂ ಆ ಮಧ್ಯಾಹ್ನದ ದಾವಣಗೆರೆ 1,600 ಮೀಟರ್ ಎತ್ತರದ ಊರು, ಕೆಮ್ಮಣ್ಣುಗುಂಡಿಗಿಂತಲೂ ಮೇಲೆ. ಗಾಳಿ ತೆಳುವಾದಷ್ಟೂ ಎತ್ತುವ ಬಲ ಕಡಿಮೆ.

ಆದ್ದರಿಂದ ಏಳು ಆಸನವಿದೆ ಎಂದ ಮಾತ್ರಕ್ಕೆ ಆರು ಪ್ರಯಾಣಿಕರು ಹತ್ತಬಹುದು ಎಂದುಕೊಳ್ಳಬಾರದು. ಮರಳಿ ಬೆಂಗಳೂರಿಗೆ ಹೋಗುವಷ್ಟು ಇಂಧನವನ್ನೂ ಹೊತ್ತುಕೊಂಡೇ ಏಳಬೇಕು, ದಾವಣಗೆರೆಯಲ್ಲಿ ತುಂಬಿಸಿಕೊಳ್ಳಲು ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಶಿವಮೊಗ್ಗದ ಸೋಗಾನೆ. ಪೈಲಟ್ ನಾಲ್ಕೇ ಜನ ಎಂದರೆ ನಾಲ್ಕೇ ಜನ. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಯುವಂತೆ ಮುಹೂರ್ತ ಇದ್ದರೆ ಈ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಪುರೋಹಿತರ ಹತ್ತಿರ ಮಾತನಾಡುವಾಗಲೇ ಇದನ್ನು ಹೇಳಿಬಿಡಿ.

ನೆಲ

ನನ್ನ ಕೆಲಸವೇ ನೆಲದ್ದು, ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಮಾದರಿ ಗೊತ್ತಾದ ಕೂಡಲೇ ಅದರ ಒಟ್ಟು ಉದ್ದ ಕೇಳಿ. ಒಡಲಿನ ಉದ್ದವಲ್ಲ, ರೋಟರುಗಳು ತಿರುಗುತ್ತಿರುವಾಗ ಮುಂದಿನ ಬ್ಲೇಡಿನ ತುದಿಯಿಂದ ಬಾಲದ ರೋಟರಿನ ಅಂಚಿನವರೆಗೆ. ಬೆಲ್ 407, ಎಚ್125, ಎಡಬ್ಲ್ಯು109 ಮೂರೂ ಸುಮಾರು 13 ಮೀಟರ್. ಬೆಲ್ 412 ಮತ್ತು ಎಡಬ್ಲ್ಯು139 ಸುಮಾರು 17 ಮೀಟರ್. ಇಳಿಯುವ ಜಾಗದ ಸುತ್ತ ಮೂರು ಮೀಟರ್ ಅಥವಾ ಒಟ್ಟು ಉದ್ದದ ಕಾಲುಭಾಗ, ಯಾವುದು ಹೆಚ್ಚೋ ಅಷ್ಟು ಖಾಲಿ ಅಂಚು ಬೇಕು. ಇದು ಕನಿಷ್ಠದ ಮಾತು. ಚಿಕ್ಕ ಹೆಲಿಕಾಪ್ಟರಿಗೂ ನಾನು ಮೂವತ್ತಕ್ಕೆ ಮೂವತ್ತು ಮೀಟರಿಗಿಂತ ಕಡಿಮೆ ಜಾಗ ಸಮತಟ್ಟು ಮಾಡಿಸಿದವನಲ್ಲ. ಕಂಪನಿ ತನ್ನ ನಕ್ಷೆ ಕೊಟ್ಟರೆ ಅದೇ ಅಂತಿಮ.

ನೆಲದ ಇಳಿಜಾರು ನೂರಕ್ಕೆ ಎರಡು ಮೀರಬಾರದು. ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್ ಇಟ್ಟು ನೋಡಿಸಿ, ಕಣ್ಣಳತೆ ಸಾಲದು.

ದಾವಣಗೆರೆ ಸುತ್ತಿನ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಒಂದು ಮಳೆ ಬಿದ್ದರೆ ಕಾಲು ಹೂಳುತ್ತದೆ. ಸ್ಕಿಡ್ ಇರುವ ಎರಡೂಕಾಲು ಟನ್ನಿನ ಹೆಲಿಕಾಪ್ಟರಿನ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಆರೂವರೆ ಟನ್ನಿನ ಎಡಬ್ಲ್ಯು139ರ ಭಾರವೆಲ್ಲ ಚಕ್ರಗಳ ಕೆಳಗಿನ ಅಂಗೈಯಗಲದ ಜಾಗಗಳ ಮೇಲೆ ಬೀಳುತ್ತದೆ. ಹೊಲದಲ್ಲಿ ಹೆಲಿಪ್ಯಾಡ್ ಮಾಡುವುದಾದರೆ ಮೇಲ್ಮಣ್ಣು ತೆಗೆಸಿ, ಗರಸು ಹಾಕಿಸಿ, ನೀರುಣಿಸಿ, ರೋಲರ್ ಹೊಡೆಸಿ. ಆಮೇಲೆ ಜಲ್ಲಿ ತುಂಬಿದ ಟಿಪ್ಪರನ್ನು ಅದರ ಮೇಲೆ ನಿಧಾನವಾಗಿ ಓಡಿಸಿ. ಚಕ್ರದ ಗುರುತು ತಗ್ಗಾಗಿ ಉಳಿದರೆ ಆ ಜಾಗ ಮತ್ತೆ ಬಿಗಿಯಾಗಬೇಕು. ಚಿತ್ರದುರ್ಗ, ಹೊಸದುರ್ಗದ ಕಡೆಯ ಕೆಂಪು ಗರಸು ನೆಲಕ್ಕೆ ಇಷ್ಟು ಪಾಡಿಲ್ಲ, ಆದರೆ ಅಲ್ಲಿ ಸಣ್ಣ ಕಲ್ಲುಗಳು ಜಾಸ್ತಿ. ಪ್ರತಿಯೊಂದನ್ನೂ ಗುಡಿಸಿ ತೆಗೆಯಬೇಕು.

ಕಲ್ಲು ಗುಡಿಸುವುದು ಅತಿ ಎನ್ನುವವರು ಗಾಳಿಯ ಲೆಕ್ಕ ತಿಳಿಯಲಿ. ತನ್ನ ತೂಕವನ್ನು ಎತ್ತಿ ಹಿಡಿಯಲು ರೋಟರ್ ಕೆಳಕ್ಕೆ ತಳ್ಳುವ ಗಾಳಿಯ ವೇಗ ಪೂರ್ತಿ ಭಾರದ ಬೆಲ್ 407ಕ್ಕೆ ಗಂಟೆಗೆ ಸುಮಾರು 80 ಕಿಲೋಮೀಟರ್, ಎಡಬ್ಲ್ಯು139ಕ್ಕೆ 100ರ ಹತ್ತಿರ ಬರುತ್ತದೆ. ಶಾಮಿಯಾನ, ತಗಡಿನ ಶೀಟು, ಫ್ಲೆಕ್ಸ್, ಪ್ಲಾಸ್ಟಿಕ್ ಕುರ್ಚಿ ಯಾವುದೂ ನೂರು ಮೀಟರಿನೊಳಗೆ ಬೇಡ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇಳಿಯುವಾಗ ಮೈದಾನದ ಪ್ಲಾಸ್ಟಿಕ್ ಹಾಳೆಗಳು ಮೇಲೆದ್ದು ಹಾರಿದವು. ಪೈಲಟ್ ತಕ್ಷಣ ಮೇಲೆತ್ತಿಕೊಂಡು, ನೆಲ ಸ್ವಚ್ಛವಾದ ಮೇಲೆ ಇಳಿಸಿದರು. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಮೆಕ್ಕೆಜೋಳದ ರವದಿ, ಭತ್ತದ ಹುಲ್ಲು ಎಲ್ಲೆಲ್ಲೂ ಇರುತ್ತದೆ. ಪಕ್ಕದ ಕಣದವರಿಗೂ ಮೊದಲೇ ಹೇಳಿ ಬಣವೆಗೆ ಬಲೆ ಹೊದಿಸಿ.

ಗುರುತು ಹಾಕಲು ಕಬಡ್ಡಿ ಅಂಕಣಕ್ಕೆ ಚೆಲ್ಲುವಂತೆ ಒಣ ಸುಣ್ಣದ ಪುಡಿ ಚೆಲ್ಲಬೇಡಿ. ಹೆಲಿಕಾಪ್ಟರ್ ಹತ್ತಿರ ಬಂದ ಕ್ಷಣದಲ್ಲಿ ಅದೆಲ್ಲ ಎದ್ದು ಪೈಲಟ್‌ಗೆ ನೆಲವೇ ಕಾಣದಂತಾಗುತ್ತದೆ. ಸುಣ್ಣವನ್ನು ನೀರಿನಲ್ಲಿ ಕಲಸಿ, ಗೋಡೆಗೆ ಬಳಿಯುವಾಗ ಹಾಕುವಂತೆ ಅಂಟು ಸೇರಿಸಿ, ಬ್ರಷ್ಷಿನಲ್ಲಿ ಬಳಿಸಿ, ಹಿಂದಿನ ದಿನವೇ ಒಣಗಲು ಬಿಡಿ. ನಡುವೆ ಬಿಳಿಯ 'ಎಚ್' ಅಕ್ಷರ ಮೂರು ಮೀಟರ್ ಎತ್ತರ ಇರಲಿ. ಧೂಳಿಗೆ ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಟ್ಯಾಂಕರಿನಿಂದ ನೀರು ಹೊಡೆಸಿ. ಎರೆಯ ಮೇಲೆ ಕೊನೆ ಗಳಿಗೆಯಲ್ಲಿ ನೀರು ಬೇಡ, ಕೆಸರಾಗುತ್ತದೆ.

ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನು ದರ್ಜಿಯ ಹತ್ತಿರ ಹೊಲಿಸಬಹುದು: ಉದ್ದ 2.4 ಮೀಟರ್, ಬಾಯಿ 60 ಸೆಂಟಿಮೀಟರ್, ಬಾಲ 30 ಸೆಂಟಿಮೀಟರ್, ಕಿತ್ತಳೆ ಮತ್ತು ಬಿಳಿ ಬಟ್ಟೆ. ಮರದ ಮರೆಯಲ್ಲಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಪೈಲಟ್‌ಗೆ ಗಾಳಿ ತೋರಿಸಲು ಹೊಗೆಯ ಡಬ್ಬಿ ಹಚ್ಚುವುದಾದರೆ ಒದ್ದೆ ಮರಳಿನ ಮೇಲೆ ಇಟ್ಟು ಹಚ್ಚಿ. 2023ರ ಮೇ ತಿಂಗಳಲ್ಲಿ ಹೊನ್ನಾವರದಲ್ಲಿ ಡಿ.ಕೆ. ಶಿವಕುಮಾರ್ ಅವರು ಬಂದಿಳಿದ ಹೆಲಿಪ್ಯಾಡ್ ಪಕ್ಕದ ಒಣಹುಲ್ಲಿಗೆ ಬೆಂಕಿ ಹತ್ತಿದ್ದು ಹೊಗೆಯ ಡಬ್ಬಿಯ ಕಾವಿನಿಂದ.

ತಂತಿಗಳು. ಹಾರಾಟದ ದಾರಿಯಲ್ಲಿ ಎಂಟು ಮೀಟರ್ ದೂರಕ್ಕೆ ಒಂದು ಮೀಟರಿಗಿಂತ ಎತ್ತರದ್ದು ಏನೂ ಇರಬಾರದು ಎಂಬುದು ಒರಟು ಲೆಕ್ಕ. ಕಂಪನಿ ಇದಕ್ಕಿಂತ ಹೆಚ್ಚು ಬಯಲು ಕೇಳಬಹುದು. ಒಂಬತ್ತು ಮೀಟರಿನ ಬೆಸ್ಕಾಂ ಕಂಬ ಹಾರಾಟದ ದಾರಿಯಲ್ಲಿದ್ದರೆ ಎಪ್ಪತ್ತೆರಡು ಮೀಟರಿಗಿಂತ ಹತ್ತಿರ ಇರಬಾರದು. ಬೋರ್‌ವೆಲ್ ಪಂಪ್‌ಸೆಟ್ಟಿಗೆ ಎಳೆದ ತೆಳು ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಪ್ರತಿ ತಂತಿಯನ್ನೂ ನಕ್ಷೆಯಲ್ಲಿ ಗುರುತಿಸಿ, ಕಂಬಗಳಿಗೆ ಕೆಂಪು ಬಟ್ಟೆ ಕಟ್ಟಿಸಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನೂ ಬಿಡದೆ ಬರೆಯಿರಿ. ಕೆರೆ, ಭತ್ತದ ಗದ್ದೆಯಲ್ಲಿ ನಿಂತ ನೀರು ಹತ್ತಿರವಿದ್ದರೆ ಅದನ್ನೂ ಹೇಳಿ. 2002ರ ಮಾರ್ಚ್ 3ರಂದು ಲೋಕಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ ಅವರ ಪ್ರಾಣ ತೆಗೆದ ಬೆಲ್ 206 ಅಪಘಾತ ಆದದ್ದು ಆಂಧ್ರದ ಕೈಕಲೂರು ಬಳಿಯ ಮೀನಿನ ಹೊಂಡದಲ್ಲಿ, ನೋಟ ಮಂಜಾಗಿದ್ದ ಬೆಳಗಿನಲ್ಲಿ.

ಅನುಮತಿ ಪತ್ರಗಳು

ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕು. ಜಮೀನಿನ ಮಾಲೀಕರ ಒಪ್ಪಿಗೆ, ಜಾಗದ ನಕ್ಷೆ, ದಿನಾಂಕ ಮತ್ತು ಸಮಯ, ಹೆಲಿಕಾಪ್ಟರಿನ ಮಾದರಿ ಮತ್ತು ನೋಂದಣಿ ಗುರುತು, ಆಪರೇಟರ್ ಪರ್ಮಿಟ್ ಪ್ರತಿ, ಪ್ರಯಾಣಿಕರ ಹೆಸರು ಇವನ್ನು ಜೊತೆಗಿಡಿ. ಅಲ್ಲಿಂದ ಪೊಲೀಸ್, ಲೋಕೋಪಯೋಗಿ, ಅಗ್ನಿಶಾಮಕ ಇಲಾಖೆಗಳ ವರದಿ ಕೇಳುತ್ತಾರೆ. ಪ್ರತಿ ಕಚೇರಿಗೂ ನೀವೇ ಪ್ರತಿ ತಲುಪಿಸಿ ಸ್ವೀಕೃತಿ ಪಡೆಯಿರಿ, ಟಪಾಲಿಗೆ ಬಿಟ್ಟರೆ ದಿನ ಕಳೆದುಹೋಗುತ್ತದೆ. ಹಾರಾಟದ ಯೋಜನೆ, ವಾಯುಪಡೆ ಕೊಡುವ ವಾಯುರಕ್ಷಣಾ ಅನುಮತಿಯ ಎಡಿಸಿ ಸಂಖ್ಯೆ, ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ಸಂಖ್ಯೆ ಪಡೆಯುವುದು ಕಂಪನಿಯ ಹೊಣೆ. ಆದರೂ ಹಾರಾಟದ ದಿನ ಬೆಳಿಗ್ಗೆ "ಎಡಿಸಿ ಬಂತೇ?" ಎಂದು ಫೋನ್ ಮಾಡಿ ಕೇಳಿ.

ಜಾಗದ ಅಕ್ಷಾಂಶ, ರೇಖಾಂಶ ಬರೆಯುವಾಗ ಎಚ್ಚರ. ಮೊಬೈಲ್ ದಾವಣಗೆರೆಯ ಅಕ್ಷಾಂಶವನ್ನು 14.46 ಎಂದು ದಶಮಾಂಶದಲ್ಲಿ ತೋರಿಸುತ್ತದೆ. ಅದು 14 ಡಿಗ್ರಿ 27.6 ಮಿನಿಟು. ಅದನ್ನೇ 14 ಡಿಗ್ರಿ 46 ಮಿನಿಟು ಎಂದು ಬರೆದುಕೊಟ್ಟರೆ ಸುಮಾರು 34 ಕಿಲೋಮೀಟರ್ ಉತ್ತರಕ್ಕೆ, ಹರಪನಹಳ್ಳಿಯ ಕಡೆ ಹುಡುಕಬೇಕಾಗುತ್ತದೆ. ಡಿಗ್ರಿ, ಮಿನಿಟು, ಸೆಕೆಂಡು ಮೂರನ್ನೂ ಬಿಡಿಬಿಡಿಯಾಗಿ ಬರೆದು, ಕಂಪನಿಯವರು ಅದನ್ನು ನಕ್ಷೆಯಲ್ಲಿ ಇಟ್ಟ ಚಿತ್ರವನ್ನು ತರಿಸಿ ನೋಡಿ.

ಚಳ್ಳಕೆರೆ ತಾಲ್ಲೂಕಿನವರಿಗೆ ಇನ್ನೊಂದು ಮಾತು. ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ, ಮಾನವರಹಿತ ವಿಮಾನಗಳನ್ನು ಪರೀಕ್ಷಿಸುತ್ತಾರೆ. ನಾಯಕನಹಟ್ಟಿ ಸುತ್ತ ಹಾರುವ ಕಾರ್ಯಕ್ರಮವಿದ್ದರೆ ಕಂಪನಿಗೆ ಮೊದಲ ದಿನವೇ ತಿಳಿಸಿ.

ಹೂಮಳೆಗೆ ಬೇರೆ ಅನುಮತಿ ಬೇಕು. ಹಾರುವ ವಿಮಾನದಿಂದ ಏನನ್ನಾದರೂ ಕೆಳಗೆ ಬಿಡುವುದನ್ನು 1937ರ ವಿಮಾನ ನಿಯಮಾವಳಿಯ 26ನೇ ನಿಯಮ ನಿರ್ಬಂಧಿಸುತ್ತದೆ. ಇಳಿಯಲು ಸಿಕ್ಕ ಅನುಮತಿಯಲ್ಲೇ ಇದೂ ಸೇರಿದೆ ಎಂದು ಭಾವಿಸಬೇಡಿ. ಅನುಮತಿ ಸಿಕ್ಕರೆ ಬಿಡಿ ಎಸಳು ಮಾತ್ರ ಸುರಿಸಿ. ಹಾರ, ದಾರ, ಬಾಳೆನಾರು, ಪ್ಲಾಸ್ಟಿಕ್ ಚೀಲ ಹೆಲಿಕಾಪ್ಟರಿನೊಳಗೇ ಬರಬಾರದು. ಬಾಗಿಲಿನಿಂದ ಹಾರಿದ ಒಂದು ಚೀಲ ಬಾಲದ ರೋಟರಿಗೆ ಸಿಕ್ಕಿಕೊಳ್ಳಲು ಕ್ಷಣ ಸಾಕು.

ಆ ದಿನ

ಪೊಲೀಸರ ಜೊತೆ ನಿಮ್ಮ ಹುಡುಗರನ್ನೂ ಹಗ್ಗದ ಬಳಿ ನಿಲ್ಲಿಸಿ, ಮುಖ್ಯವಾಗಿ ಬಾಲದ ಕಡೆ. ಎಚ್130ರಂಥ ಕೆಲವು ಮಾದರಿಗಳಲ್ಲಿ ಬಾಲದ ಫ್ಯಾನು ಗೂಡಿನೊಳಗೆ ಇರುತ್ತದೆ. ಬೆಲ್ 407ರಲ್ಲಿ ಅದು ಬಯಲಾಗಿ ತಿರುಗುತ್ತದೆ, ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಹತ್ತುವವರು, ಇಳಿಯುವವರು ಪೈಲಟ್ ಕಣ್ಣಿಗೆ ಕಾಣುವಂತೆ ಮುಂದಿನಿಂದ ಅಥವಾ ಪಕ್ಕದಿಂದ, ಅವರು ಸನ್ನೆ ಮಾಡಿದ ಮೇಲೆ ನಡೆಯಬೇಕು. ಮದುಮಗನ ಪೇಟ, ಬಾಸಿಂಗ, ಹೆಗಲ ಶಲ್ಯ ಕೈಯಲ್ಲಿರಲಿ, ಹಗ್ಗದಾಚೆ ಬಂದು ತೊಡಿಸಿ. ಆರತಿ ತಟ್ಟೆ, ಪಟಾಕಿ, ಡೊಳ್ಳಿನವರು ಎಲ್ಲರೂ ಹಗ್ಗದಾಚೆಯೇ. ಮದುವೆಯ ಫೋಟೋಗ್ರಾಫರ್ ತಂದಿರುವ ಡ್ರೋನನ್ನು ಹೆಲಿಕಾಪ್ಟರ್ ಬರುವ ಮೊದಲೇ ಇಳಿಸಿ ಬ್ಯಾಟರಿ ತೆಗೆಸಿ. ಹತ್ತಿರದಲ್ಲಿ ಮಾಂಸದಂಗಡಿಯ ಕಸವಿದ್ದರೆ ಹಿಂದಿನ ದಿನ ತೆಗೆಸಿ ಮುಚ್ಚಿಸಿ. 2023ರ ಮೇ 2ರಂದು ಹೊಸಕೋಟೆ ಬಳಿ ಹದ್ದು ಬಡಿದು ಹೆಲಿಕಾಪ್ಟರಿನ ಮುಂಗಾಜು ಒಡೆದದ್ದು ಎಲ್ಲರೂ ಓದಿದ ಸುದ್ದಿ.

ಹವಾಮಾನದ ವಿಷಯದಲ್ಲಿ ಪೈಲಟ್ ಮಾತೇ ಕೊನೆಯದು. ಅವರ ಮೇಲೆ ಒತ್ತಡ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆಗೆಲ್ಲ ನನಗೆ ಸಂಕಟವಾಗಿದೆ. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಬೆಲ್ 430 ಬಿದ್ದಾಗ ಅದಕ್ಕೆ ಎರಡು ಎಂಜಿನ್ ಇತ್ತು, ಇಬ್ಬರು ಪೈಲಟ್ ಇದ್ದರು, ಹೊರಗೆ ಮಳೆ ಮೋಡ ಕವಿದಿತ್ತು.

ಒಪ್ಪಂದದಲ್ಲಿ ಹವಾಮಾನದಿಂದ ಹಾರಾಟ ನಿಂತರೆ ಎಷ್ಟು ಹಣ ಮರಳುತ್ತದೆ ಎಂಬ ಸಾಲು ಇರಲಿ. ವಾಪಸ್ ಹಾರಾಟಕ್ಕೂ ಒಂದು ಗಡುವು ಬರೆಸಿ: ಬೆಂಗಳೂರಿಗೆ ಸುಮಾರು ಒಂದು ಗಂಟೆಯ ದಾರಿ, ಸೂರ್ಯ ಮುಳುಗುವುದರೊಳಗೆ ಅಲ್ಲಿ ಇಳಿದಿರಬೇಕು. ಊಟ ತಡವಾಯಿತು, ಆಶೀರ್ವಾದ ಮುಗಿಯಲಿಲ್ಲ ಎಂದು ಗಡುವು ಮೀರಿದರೆ ಹೆಲಿಕಾಪ್ಟರ್ ಖಾಲಿ ಹೋಗಲಿ ಇಲ್ಲವೇ ರಾತ್ರಿ ಮೈದಾನದಲ್ಲೇ ಕಾವಲಿನಲ್ಲಿ ನಿಲ್ಲಲಿ. ಅತಿಥಿಗಳಿಗಾಗಿ ಚಾಲಕ ಸಮೇತ ಒಂದು ಕಾರನ್ನು ಮೊದಲೇ ಗೊತ್ತುಮಾಡಿ ಮಂಟಪದ ಹೊರಗೆ ನಿಲ್ಲಿಸಿರಿ.